"ಉಮ್ಮಾ, ನನಗೆ ಹೆಣ್ಣು ನೋಡಬೇಡ"

ರಾತ್ರಿಯ ಊಟ ಮುಗಿದಿದೆ. ನೀವು ಅಡುಗೆ ಮನೆಯಲ್ಲಿ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದೀರಿ. ಕಾಲೇಜು ಮುಗಿಸಿದ ಮಗ ಬಾಗಿಲ ಬಳಿ ಬಂದು ನಿಂತಿದ್ದಾನೆ. ಏನೋ ಹೇಳಲಿಕ್ಕಿದೆ, ಬಾಯಿ ಬರುತ್ತಿಲ್ಲ. ಕೊನೆಗೊಮ್ಮೆ, "ಉಮ್ಮಾ, ನನಗೆ ಹೆಣ್ಣು ನೋಡಬೇಡ. ಹುಡುಗಿಯರ ಕಡೆ ನನ್ನ ಮನಸ್ಸು ಹೋಗುವುದೇ ಇಲ್ಲ" ಎಂದುಬಿಡುತ್ತಾನೆ.

ಇಂಥ ಮಾತು ನಮ್ಮ ಮನೆಯಲ್ಲಿ ಬರಲಿಕ್ಕಿಲ್ಲ ಎಂದು ನೀವು ಪುಟ ತಿರುಗಿಸಬಹುದು. ಸ್ವಲ್ಪ ತಾಳಿ. ಇದು ಯಾವ ಮನೆಗೆ ಬರುತ್ತದೆ, ಯಾವ ಮನೆಗೆ ಬರುವುದಿಲ್ಲ ಎಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಬಂದಾಗ ತಾಯಿಯ ಕೈಕಾಲು ತಣ್ಣಗಾಗುತ್ತದೆ. ಒಬ್ಬಳು ಅಳುತ್ತಾಳೆ, ಒಬ್ಬಳು ಹೊಡೆಯುತ್ತಾಳೆ, ಇನ್ನೊಬ್ಬಳು "ನಿನ್ನ ತಂದೆಗೆ ಗೊತ್ತಾದರೆ ಎದೆ ಒಡೆದು ಸಾಯುತ್ತಾರೆ" ಎನ್ನುತ್ತಾಳೆ. ಇವರಲ್ಲಿ ಯಾರಿಗೂ ಮಗನ ಮೇಲೆ ಪ್ರೀತಿಯಿಲ್ಲ ಎನ್ನಲಾಗದು. ಆದರೆ ಆ ಪ್ರೀತಿ ಮಗನಿಗೆ ಯಾವ ರೂಪದಲ್ಲಿ ತಲುಪುತ್ತದೆ?

ಈ ಪ್ರಶ್ನೆಯನ್ನೇ ಹಿಡಿದು ಸಂಶೋಧನೆಗಿಳಿದವರು ಅಮೆರಿಕದ ಸಮಾಜ ಕಾರ್ಯಕರ್ತೆ ಕೇಟ್ಲಿನ್ ರಯಾನ್. ಸಾನ್ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಅವರು ಮತ್ತು ರಫಾಯೆಲ್ ಡಿಯಾಸ್ ಒಂದು ಯೋಜನೆ ಆರಂಭಿಸಿದರು. ಅದುವರೆಗೆ ಇಂಥ ಹದಿಹರೆಯದವರ ಬಗ್ಗೆ ಆಪ್ತ ಸಮಾಲೋಚಕರು ಕಲಿಯುತ್ತಿದ್ದುದು ಹೆಚ್ಚಾಗಿ ಅವರೊಬ್ಬರನ್ನೇ ಕೂರಿಸಿಕೊಂಡು ಮಾತನಾಡುವುದನ್ನು. ಮನೆಯವರನ್ನು ಶತ್ರುಗಳೆಂದೇ ಭಾವಿಸಿ ದೂರವಿಡುತ್ತಿದ್ದರು. ರಯಾನ್ ಮಕ್ಕಳ ಜೊತೆಗೆ ಅವರ ತಂದೆ ತಾಯಿಯರನ್ನೂ ಮಾತಾಡಿಸಿದರು. ಮಗು ಹೇಳಿಕೊಂಡ ದಿನ ನೀವು ಏನೆಂದಿರಿ? ಮರುದಿನ ಹೇಗೆ ನಡೆದುಕೊಂಡಿರಿ? ಹೀಗೆ ಮನೆಮನೆಯ ಮಾತುಗಳನ್ನು ಕೂಡಿಸಿ, ನೂರಕ್ಕೂ ಹೆಚ್ಚು ನಡವಳಿಕೆಗಳನ್ನು ಪಟ್ಟಿ ಮಾಡಿದರು.

ಪಟ್ಟಿಯಲ್ಲಿ ದೊಡ್ಡ ಸಂಗತಿಗಳೇನೂ ಇಲ್ಲ. ಎಲ್ಲವೂ ನಮ್ಮ ನಿಮ್ಮ ಮನೆಯವೇ. ಹೊಡೆಯುವುದು, ಅಡ್ಡಹೆಸರಿಟ್ಟು ಕರೆಯುವುದು, ಗಂಡಸಿನ ಹಾಗೆ ನಡೆ ಎಂದು ಗದರುವುದು, ಗೆಳೆಯರೊಂದಿಗೆ ಮಾತು ಬಿಡಿಸುವುದು, ಶಾಲೆಯಲ್ಲಿ ಯಾರೋ ಹಂಗಿಸಿದರೆ "ತಪ್ಪು ನಿನ್ನದೇ" ಎನ್ನುವುದು, ದೇವರು ನಿನ್ನನ್ನು ಶಿಕ್ಷಿಸುತ್ತಾನೆ ಎಂದು ಹೆದರಿಸುವುದು, "ಈ ಮಾತು ಇಲ್ಲಿಗೇ ನಿಲ್ಲಲಿ, ಇನ್ನೊಮ್ಮೆ ಎತ್ತಬೇಡ" ಎಂದು ಬಾಯಿ ಮುಚ್ಚಿಸುವುದು. ಈ ಕೊನೆಯದನ್ನು ತಿರಸ್ಕಾರ ಎಂದು ನಮಗೆ ಅನ್ನಿಸುವುದೇ ಇಲ್ಲ, ಅಲ್ಲವೇ? ಮಗನ ಮಾನ ಉಳಿಸುತ್ತಿದ್ದೇವೆ ಎಂದೇ ನಾವು ತಿಳಿಯುತ್ತೇವೆ. ಇವುಗಳಲ್ಲಿ ಬಹಳಷ್ಟನ್ನು ಹೆತ್ತವರು ಮಾಡುವುದು ಕಾಳಜಿಯಿಂದಲೇ ಎಂದು ರಯಾನ್ ಕೂಡ ಹೇಳುತ್ತಾರೆ.

2009ರಲ್ಲಿ 'ಪೀಡಿಯಾಟ್ರಿಕ್ಸ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ತಮ್ಮದೇ ಲಿಂಗದವರತ್ತ, ಅಥವಾ ಎರಡೂ ಲಿಂಗದವರತ್ತ ಒಲವಿರುವ 21ರಿಂದ 25 ವಯಸ್ಸಿನ 224 ಯುವಕ ಯುವತಿಯರು ಅದರಲ್ಲಿ ಪಾಲ್ಗೊಂಡಿದ್ದರು. ಹದಿಹರೆಯದಲ್ಲಿ ಮನೆಯವರಿಂದ ಹೆಚ್ಚು ತಿರಸ್ಕಾರ ಉಂಡವರಲ್ಲಿ ಆತ್ಮಹತ್ಯೆಗೆ ಯತ್ನಿಸಿದ ಸಾಧ್ಯತೆ, ತಿರಸ್ಕಾರ ಕಾಣದ ಅಥವಾ ಕಡಿಮೆ ಕಂಡವರಿಗಿಂತ 8.4 ಪಟ್ಟು ಇತ್ತು. ತೀವ್ರ ಖಿನ್ನತೆ 5.9 ಪಟ್ಟು. ಮಾದಕ ವಸ್ತುಗಳ ಬಳಕೆ 3.4 ಪಟ್ಟು.

ಒಂದು ಮಾತನ್ನು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಇದು ಸಣ್ಣ ಅಧ್ಯಯನ. ದೊಡ್ಡವರಾದ ಮೇಲೆ ಹಿಂದಿನದನ್ನು ನೆನೆದು ಹೇಳಿದ ಉತ್ತರಗಳು. ಪಾಲ್ಗೊಂಡವರು ಬಿಳಿಯರು ಮತ್ತು ಲ್ಯಾಟಿನೊ ಮೂಲದವರು, ನಮ್ಮ ದೇಶದವರಲ್ಲ. ಒಂದು ಇನ್ನೊಂದಕ್ಕೆ ಕಾರಣ ಎಂದು ಇಷ್ಟರಿಂದಲೇ ತೀರ್ಪು ಕೊಡಲಾಗದು. ಆದರೂ ನನ್ನ ಗಮನ ಸೆಳೆದ ಸಂಗತಿಯೊಂದಿದೆ. ಮನೆಯವರ ಕಟು ಪ್ರತಿಕ್ರಿಯೆಗೆ ಅತಿ ಹೆಚ್ಚು ಗುರಿಯಾದವರು ಲ್ಯಾಟಿನೊ ಗಂಡುಮಕ್ಕಳು. ದೊಡ್ಡ ಕುಟುಂಬ, ಧರ್ಮದ ಮೇಲೆ ಗಾಢ ನಂಬಿಕೆ, ನಾಲ್ಕು ಜನರ ಮಾತಿನ ಭಯ ಇರುವ ಸಮಾಜ ಅದು. ನಮಗೆ ತೀರಾ ಅಪರಿಚಿತವಲ್ಲ.

ಹಾಗಾದರೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ 'ಸರಿ' ಮಾಡಿಸಬಹುದಲ್ಲ ಎನ್ನುತ್ತೀರಾ? ಅದನ್ನು ದಶಕಗಳ ಕಾಲ ಮಾಡಿ ನೋಡಿದ್ದಾರೆ. 1950ರ ದಶಕದಲ್ಲಿ ಇದನ್ನು ಮನೋರೋಗವೆಂದೇ ಎಣಿಸಲಾಗಿತ್ತು. ಎವೆಲಿನ್ ಹೂಕರ್ ಎಂಬ ಮನಶ್ಶಾಸ್ತ್ರಜ್ಞೆ, ಸಲಿಂಗಾಸಕ್ತರಾದ 30 ಗಂಡಸರು ಮತ್ತು ಹಾಗಲ್ಲದ 30 ಗಂಡಸರಿಗೆ ಮನಸ್ಸಿನ ಪರೀಕ್ಷೆಗಳನ್ನು ಮಾಡಿ, ಹೆಸರು ಮರೆಮಾಡಿ ತಜ್ಞರ ಮುಂದಿಟ್ಟರು. ಯಾರು ಯಾರೆಂದು ಗುರುತಿಸಲು ತಜ್ಞರಿಂದಾಗಲಿಲ್ಲ. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕೈಬಿಟ್ಟಿತು. 2018ರಲ್ಲಿ ಭಾರತೀಯ ಮನೋವೈದ್ಯಕೀಯ ಸಂಘವೂ ಇದು ರೋಗವಲ್ಲವೆಂದು ಹೇಳಿತು.

ನಡುವೆ ಒಂದು ವಿಚಿತ್ರ ತಿರುವೂ ಬಂತು. 1973ರ ಆ ಬದಲಾವಣೆಯಲ್ಲಿ ಮುಂಚೂಣಿಯಲ್ಲಿದ್ದ ಡಾ. ರಾಬರ್ಟ್ ಸ್ಪಿಟ್ಜರ್ ಅವರೇ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿ, ಚಿಕಿತ್ಸೆಯಿಂದ ಕೆಲವರಲ್ಲಿ ಬದಲಾವಣೆ ಸಾಧ್ಯ ಎಂದರು. 'ನಾವು ಬದಲಾಗಿದ್ದೇವೆ' ಎಂದುಕೊಂಡಿದ್ದ 200 ಮಂದಿಯನ್ನು ಫೋನಿನಲ್ಲಿ ಮಾತಾಡಿಸಿದ್ದೇ ಅವರ ಆಧಾರ. ಎಷ್ಟೋ ಹೆತ್ತವರು ಆ ವರದಿ ನಂಬಿ ಮಕ್ಕಳನ್ನು ಎಳೆದೊಯ್ದರು. ಒಬ್ಬರು ತಾವು ಬದಲಾಗಿದ್ದೇವೆ ಎಂದರೆ ಅದು ನಿಜವೋ, ತಮಗೆ ತಾವೇ ಹೇಳಿಕೊಂಡ ಸುಳ್ಳೋ ಎಂದು ತಿಳಿಯುವ ದಾರಿ ಅದರಲ್ಲಿರಲಿಲ್ಲ. 2012ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಸ್ಪಿಟ್ಜರ್ ತಮ್ಮ ಅಧ್ಯಯನ ದೋಷಪೂರ್ಣವೆಂದು ಒಪ್ಪಿ, ಅಂಥ ಚಿಕಿತ್ಸೆಯಲ್ಲಿ ಕಾಲ ಮತ್ತು ಶ್ರಮ ಕಳೆದುಕೊಂಡವರ ಕ್ಷಮೆ ಕೇಳಿದರು. ವಿದ್ವಾಂಸನೊಬ್ಬ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪುವುದು ಸಣ್ಣ ಮಾತಲ್ಲ. ಆದರೆ ಹೋದ ವರ್ಷಗಳನ್ನು ಯಾರು ತಂದುಕೊಡುತ್ತಾರೆ?

2018ರಲ್ಲಿ ರಯಾನ್ ತಂಡದ ಇನ್ನೊಂದು ಅಧ್ಯಯನ ಬಂತು. ಯಾರೂ ಬದಲಾಯಿಸಲು ಯತ್ನಿಸದ ಯುವಜನರಲ್ಲಿ ಆತ್ಮಹತ್ಯೆಗೆ ಯತ್ನಿಸಿದವರು ನೂರಕ್ಕೆ 22. ಹೆತ್ತವರು ಬದಲಾಯಿಸಲು ಯತ್ನಿಸಿದ್ದಲ್ಲಿ 48. ಹೆತ್ತವರ ಜೊತೆ ಚಿಕಿತ್ಸಕರನ್ನೋ ಧರ್ಮಗುರುಗಳನ್ನೋ ಸೇರಿಸಿಕೊಂಡದ್ದಲ್ಲಿ 63. ತಾಯತ, ಮಂತ್ರಿಸಿದ ನೀರು ಎಂದು ಓಡಾಡುವ ಮೊದಲು ಈ ಮೂರು ಅಂಕಿಗಳನ್ನು ಒಮ್ಮೆ ನೆನೆಯಿರಿ.

"ಹಾಗಾದರೆ ನನ್ನ ದೀನ್ ಬಿಡಬೇಕೇ?" ಎಂದು ನೀವು ಕೇಳುವುದು ನನಗೆ ಕೇಳಿಸುತ್ತಿದೆ. ಈ ಲೇಖನ ಫತ್ವಾ ಅಲ್ಲ. ಧರ್ಮದ ವಿಧಿ ಏನೆಂದು ನಿಮಗೆ ಗೊತ್ತಿದೆ. ಅದನ್ನು ಬದಲಿಸುವ ಅಧಿಕಾರವೂ ಉದ್ದೇಶವೂ ನನಗಿಲ್ಲ. ರಯಾನ್ ಅವರ ವಿಧಾನದಲ್ಲೂ ನಂಬಿಕೆ ಬಿಡಿ ಎಂಬ ಷರತ್ತಿಲ್ಲ. ಅಮೆರಿಕದ ಮಾರ್ಮನ್ ಎಂಬ ಕಟ್ಟುನಿಟ್ಟಿನ ಪಂಥದ ಕುಟುಂಬಗಳಿಗಾಗಿಯೇ 2012ರಲ್ಲಿ ಅವರು ಪುಸ್ತಿಕೆಯೊಂದನ್ನು ಹೊರತಂದರು. ಪೂರ್ತಿ ಒಪ್ಪುವುದು, ಇಲ್ಲವೇ ಪೂರ್ತಿ ತಳ್ಳುವುದು ಎಂಬ ಎರಡೇ ದಾರಿಗಳಲ್ಲ ಎಂಬುದು ಅವರ ಮಾತಿನ ತಿರುಳು. "ನನಗಿದು ಅರ್ಥವಾಗುತ್ತಿಲ್ಲ, ಒಪ್ಪಲೂ ಆಗುತ್ತಿಲ್ಲ. ಆದರೆ ನೀನು ನನ್ನ ಮಗ. ಊಟಕ್ಕೆ ಬಾ" ಎನ್ನಲು ಯಾವ ನಂಬಿಕೆಯನ್ನೂ ಬಿಡಬೇಕಾಗಿಲ್ಲ. ಅಣ್ಣತಮ್ಮಂದಿರು, ಚಿಕ್ಕಪ್ಪಂದಿರು ಗೇಲಿ ಮಾಡಿದಾಗ ತಡೆಯುವುದಕ್ಕೂ ಬಿಡಬೇಕಾಗಿಲ್ಲ.

ಇನ್ನು ಮದುವೆಯ ವಿಷಯ. ನಮ್ಮಲ್ಲಿ ಬೇಗ ನೆನಪಾಗುವ ಮದ್ದು ಇದೇ. "ಒಂದು ನಿಕಾಹ್ ಮಾಡಿಬಿಡಿ, ತಾನಾಗಿ ಸರಿಹೋಗುತ್ತಾನೆ" ಎನ್ನುವ ಹಿರಿಯರಿಗೆ ಕೊರತೆಯಿಲ್ಲ. ಸಹೋದರಿ, ಆ ನಿಕಾಹ್‌ನಲ್ಲಿ ಇನ್ನೊಬ್ಬಳೂ ಇದ್ದಾಳೆ. ಯಾರದೋ ಮನೆಯ ಮಗಳು. ಗಂಡ ಏಕೆ ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ತಿಳಿಯದೆ ತನ್ನಲ್ಲೇ ಏನೋ ಕೊರತೆಯಿದೆ ಎಂದು ಕೊರಗುವವಳು. ಅವಳು ನಿಮ್ಮ ಮಗಳಾಗಿದ್ದರೆ?

ನಮ್ಮ ದೇಶದ ಒಂದು ಪ್ರಕರಣವನ್ನು ಹೇಳದೆ ಮುಗಿಸಲಾರೆ. ಪರಸ್ಪರ ಒಪ್ಪಿಗೆಯಿರುವ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ನೀಡಿತ್ತು. 2021ರಲ್ಲಿ ಮಧುರೈಯ ಇಬ್ಬರು ಯುವತಿಯರು ಮನೆ ಬಿಟ್ಟು ಚೆನ್ನೈಗೆ ಹೋಗಿ ರಕ್ಷಣೆ ಕೋರಿ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಯುವತಿಯರನ್ನೂ ಅವರ ಹೆತ್ತವರನ್ನೂ ಸಮಾಲೋಚಕಿಯ ಬಳಿಗೆ ಕಳುಹಿಸಿದರು. ಹೆತ್ತವರ ಸಂಕಟ ಅಲ್ಲಿ ಹೊರಬಂತು: ಸಮಾಜ ಏನನ್ನುತ್ತದೆ, ವಂಶ ಏನಾಗುತ್ತದೆ, ಹೀಗಾಗುವುದಕ್ಕಿಂತ ಮಗಳು ಒಂಟಿಯಾಗಿಯೇ ಇರಲಿ. ಇಷ್ಟಕ್ಕೇ ನಿಲ್ಲದೆ, ನನಗೇ ಈ ವಿಷಯ ಸರಿಯಾಗಿ ಗೊತ್ತಿಲ್ಲ ಎಂದು ನ್ಯಾಯಮೂರ್ತಿಗಳು ತಾವೇ ಹೋಗಿ ಸಮಾಲೋಚಕಿಯ ಮುಂದೆ ಕುಳಿತರು! ಜೂನ್ 7ರ ಆದೇಶದಲ್ಲಿ ತಮ್ಮ ಅಜ್ಞಾನವನ್ನು ಬರೆದೂ ಇಟ್ಟರು. 'ಬದಲಾಯಿಸುವ' ಚಿಕಿತ್ಸೆಗೆ ಅದೇ ಆದೇಶ ತಡೆಯೊಡ್ಡಿತು. ಮರುವರ್ಷ, ಅಂಥ ಚಿಕಿತ್ಸೆ ನೀಡುವುದು ವೈದ್ಯರ ಪಾಲಿಗೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿತು.

ಆದುದರಿಂದ ನೀವು ಮಗನನ್ನೋ ಮಗಳನ್ನೋ ಕರೆದುಕೊಂಡು ಆಪ್ತ ಸಮಾಲೋಚಕರ ಬಳಿ ಹೋದರೆ ಮೊದಲು ಒಂದು ಪ್ರಶ್ನೆ ಕೇಳಿ: "ನನ್ನ ಮಗುವನ್ನು ಬದಲಾಯಿಸಿ ಕೊಡುತ್ತೀರಾ?" ಹೌದು ಎಂದರೆ ಎದ್ದು ಬನ್ನಿ. ಮಗುವಿನ ಜೊತೆ ನೀವೂ ಒಂದೆರಡು ಸಲ ಕುಳಿತುಕೊಳ್ಳಬೇಕು ಎಂದರೆ ಅಲ್ಲೇ ಕುಳಿತುಕೊಳ್ಳಿ. ನಿಮ್ಮ ದುಃಖಕ್ಕೂ ಅಲ್ಲಿ ಜಾಗವಿರಬೇಕು. ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ 'ಟೆಲಿ ಮಾನಸ್' ಸಹಾಯವಾಣಿ ಅದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಮಗ ಮಲಗಿದ ಮೇಲೆ, ಅಡುಗೆ ಮನೆಯ ಬಾಗಿಲು ಹಾಕಿಕೊಂಡೂ ಮಾತನಾಡಬಹುದು.