ಕ್ಯಾಮೆರಾ ಹಾಕೋ ಮುಂಚೆ ಅಜ್ಜಿನ ಒಂದ್ ಮಾತು ಕೇಳಿ

ಇವತ್ತಿನ ಕಂತು ಮನೆಗೆ ಹಾಕೋ ವೈಫೈ ಕ್ಯಾಮೆರಾ ಬಗ್ಗೆ. ಊರಲ್ಲಿ ವಯಸ್ಸಾದವರನ್ನ ಬಿಟ್ಟು ಬೆಂಗಳೂರಲ್ಲಿ ದುಡೀತಿರೋರಿಗೆ ಇದು ಬೇಕಾಗೋ ವಿಷಯ. ನಾನು ಎರಡು ತಪ್ಪು ಮಾಡಿ ಕಲಿತೆ. ನೀವು ಕೇಳಿ ಕಲೀರಿ.

ಸಾಗರದ ಹತ್ತಿರ ನಮ್ಮ ಮನೆಯಲ್ಲಿ ಅಜ್ಜಿ ಒಬ್ಬರೇ ಇರೋದು. ಹೋದ ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದರು. ಪಕ್ಕದ ಮನೆಯವರು ಫೋನ್ ಮಾಡೋವರೆಗೂ ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಮುಂದಿನ ವಾರವೇ ಕ್ಯಾಮೆರಾ ಹಿಡ್ಕೊಂಡು ಹೋದೆ.

ಮೊದಲ ತಪ್ಪು ವೈಫೈದು. ಆಪ್ ಹಾಕಿ, ಕ್ಯೂಆರ್ ಕೋಡ್ ತೋರಿಸಿ, ಅರ್ಧ ಗಂಟೆ ಒದ್ದಾಡಿದರೂ ಕನೆಕ್ಟ್ ಆಗಲಿಲ್ಲ. ಕಡಿಮೆ ಬೆಲೆಯ ಎಷ್ಟೋ ಕ್ಯಾಮೆರಾಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ನನ್ನ ಫೋನ್ ಇದ್ದದ್ದು 5 ಗಿಗಾಹರ್ಟ್ಸ್‌ನಲ್ಲಿ. ರೌಟರ್ ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ, ಕೆಲಸ ಎರಡೇ ನಿಮಿಷದಲ್ಲಿ ಮುಗೀತು. 2.4ಕ್ಕೆ ಇನ್ನೊಂದು ಲಾಭ ಇದೆ: ಗೋಡೆ ದಾಟಿ ದೂರ ಹೋಗುತ್ತೆ.

ವೈರ್‌ಲೆಸ್ ಅಂದ್ರೂ ಇಂಥ ಕ್ಯಾಮೆರಾಗೆ ಕರೆಂಟ್ ವೈರ್ ಬೇಕೇ ಬೇಕು. ಮಲೆನಾಡಿನ ಮಳೇಲಿ ಕರೆಂಟ್ ಕತೆ ನಿಮಗೇ ಗೊತ್ತು. ಕ್ಯಾಮೆರಾ, ರೌಟರ್, ಜೊತೆಗೆ ಫೈಬರ್ ಪೆಟ್ಟಿಗೆ ಬೇರೆ ಇದ್ರೆ ಅದೂ, ಎಲ್ಲವನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಒಂದು ಬಿಟ್ರೂ ಫೋನಲ್ಲಿ ಏನೂ ಕಾಣಲ್ಲ.

ಈಗ ಬಿಕಾಂ ಓದಿದವಳ ಲೆಕ್ಕ. ವಿಡಿಯೋ ಸೆಕೆಂಡಿಗೆ 1 ಮೆಗಾಬಿಟ್ ಅಂತ ಹಿಡಿದ್ರೆ ಗಂಟೆಗೆ 450 ಎಂಬಿ, ದಿನಕ್ಕೆ ಹತ್ತಿರ ಹತ್ತಿರ 11 ಜಿಬಿ. 64 ಜಿಬಿ ಮೆಮೊರಿ ಕಾರ್ಡಲ್ಲಿ ಐದು ದಿನದ ರೆಕಾರ್ಡಿಂಗ್ ಸಿಗುತ್ತೆ, ಆಮೇಲೆ ಹಳೇದರ ಮೇಲೆ ಹೊಸದು ಬರುತ್ತೆ. ಮನೆ ಬಳಕೆಗೆ ಇಷ್ಟು ಸಾಕು ಅನ್ಸಿದ್ರೆ ತಿಂಗಳು ತಿಂಗಳು ಕ್ಲೌಡ್‌ಗೆ ದುಡ್ಡು ಕಟ್ಟಬೇಕಿಲ್ಲ. ಆದ್ರೆ ಕಳ್ಳ ಕ್ಯಾಮೆರಾನೇ ಕಿತ್ಕೊಂಡು ಹೋದ್ರೆ ಕಾರ್ಡೂ ಹೋಯ್ತು, ಅದು ನೆನಪಿರಲಿ.

ಪಾಸ್‌ವರ್ಡ್ ವಿಷಯದಲ್ಲಿ ಸೋಮಾರಿತನ ಬೇಡ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಇಟ್ಕೊಂಡಿದ್ದ ಕ್ಯಾಮೆರಾ, ರೌಟರ್‌ಗಳಿಗೆ ನುಗ್ಗಿ, ಅವುಗಳಿಂದಲೇ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನ ಮಲಗಿಸಿತ್ತು. ಪಾಸ್‌ವರ್ಡ್ ಬದಲಾಯಿಸಿ, ಲಾಗಿನ್‌ಗೆ ಓಟಿಪಿ ಆನ್ ಮಾಡಿ, ಅಪ್‌ಡೇಟ್ ಬಂದಾಗ ಹಾಕ್ಕೊಳ್ಳಿ.

ಎರಡನೇ ತಪ್ಪು ಸೆಟ್ಟಿಂಗ್ಸ್‌ದಲ್ಲ, ನಂದು. ಕ್ಯಾಮೆರಾನ ನಡುಮನೇಲಿ, ಅಜ್ಜಿ ಕೂರೋ ಕುರ್ಚಿಗೆ ನೇರವಾಗಿ ಹಾಕಿ ಬಂದೆ. ಬೆಂಗಳೂರಿಂದ ನೋಡಿದ್ರೆ ದಿನವಿಡೀ ಖಾಲಿ ಕುರ್ಚಿ. ಒಂದಿನ ಕ್ಯಾಮೆರಾದ ಸ್ಪೀಕರಲ್ಲೇ "ಅಜ್ಜಿ, ಊಟ ಆಯ್ತಾ?" ಅಂದೆ. ಅಡುಗೆಮನೇಲಿ ಪಾತ್ರೆ ಬಿದ್ದ ಸದ್ದು ಕೇಳ್ತು. ಸಂಜೆ ಫೋನ್ ಮಾಡಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ನಾನೇನು ಕಳ್ಳಿಯೇನೇ, ಹಿಂಗೆ ಕಾಯ್ಕೊಂಡು ಕೂರಕ್ಕೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಮುಂದಿನ ಸಲ ಹೋದಾಗ ಅಜ್ಜಿನ ಕೂರಿಸ್ಕೊಂಡು, ನನಗೆ ಏನು ಕಾಣುತ್ತೆ ಅಂತ ಫೋನಲ್ಲಿ ತೋರಿಸಿದೆ. ಜಾಗ ಅವರೇ ಹೇಳಿದ್ರು: ಜಗಲಿ ಮಾಡಿನ ಕೆಳಗೆ, ಮಳೆ ತಾಗದ ಕಡೆ, ಅಂಗಳಕ್ಕೆ ಮುಖ ಮಾಡಿ. ಅವರು ಬಿದ್ದಿದ್ದೂ ಅಲ್ಲೇ ತಾನೆ? ಸ್ವಿಚ್ ಯಾವುದು ಅಂತಲೂ ತೋರಿಸಿಕೊಟ್ಟೆ.

ಕೆಲವು ಮಧ್ಯಾಹ್ನ ಕ್ಯಾಮೆರಾ ಆಫ್ ಆಗಿರುತ್ತೆ. ಆಗ ಫೋನ್ ಮಾಡ್ತೀನಿ, ಅಜ್ಜಿ ಎತ್ತುತ್ತಾರೆ, ಮಾತಾಡ್ತೀವಿ. ಸಿಗೋಣ ಮುಂದಿನ ಕಂತಲ್ಲಿ.