ಹಳದಿ, ಕೆಂಪು, ನಡುವೆ ಒಂದು ಬಿಳುಪು

ನವೆಂಬರ್ ತಿಂಗಳು ಕಾಲಿಟ್ಟಿತೆಂದರೆ ಆಲೂರು ಸೀಮೆಯಿಂದ ಸಕಲೇಶಪುರದವರೆಗಿನ ಹೆದ್ದಾರಿಗೆ ಹೊಸದೊಂದು ಕಳೆ ಬರುತ್ತದೆ. ಪಾಳ್ಯದಲ್ಲಿ, ಬಾಳ್ಳುಪೇಟೆಯಲ್ಲಿ, ಹೇಮಾವತಿ ಸೇತುವೆಯ ಆಚೀಚೆಗೆ, ಬಸ್ಸು ನಿಲ್ಲುವೆಡೆಯಲ್ಲೆಲ್ಲ ಹಳದಿ-ಕೆಂಪು ಬಾವುಟಗಳು ತಲೆಯೆತ್ತುತ್ತವೆ. ಅದೇ ಹೊತ್ತಿಗೆ ರಸ್ತೆಯ ತಗ್ಗಿನ ಗದ್ದೆಗಳಲ್ಲಿ ಭತ್ತದ ತೆನೆ ಹಳದಿಗೆ ತಿರುಗಿರುತ್ತದೆ. ಏರಿನ ತೋಟಗಳಲ್ಲಿ ಕಾಫಿಯ ಹಣ್ಣು ಕೆಂಪೇರತೊಡಗಿರುತ್ತದೆ. ನಾಡಹಬ್ಬಕ್ಕೆಂದು ನೆಲವೂ ಬಾವುಟದ ಬಣ್ಣವನ್ನೇ ಉಟ್ಟು ನಿಂತಿದೆಯೋ ಎನ್ನಿಸುವುದು ಸಹಜ. ಬಯಲುಸೀಮೆಯಿಂದ ಅಧ್ಯಾಪಕನಾಗಿ ಈ ಕಡೆಗೆ ಬಂದ ಮೊದಲ ವರ್ಷ ನಾನು ಈ ಸೋಜಿಗವನ್ನು ಬಸ್ಸಿನ ಕಿಟಕಿಯಿಂದ ಕಂಡು ಬೆರಗಾಗಿದ್ದೆ.

ಆ ಬೆರಗು ಇನ್ನೂ ಹೊಸದಾಗಿದ್ದಾಗಲೇ, 2018ರ ಮಾರ್ಚ್ 8ರಂದು, ನಾಡಿಗೆ ಹೊಸ ಬಾವುಟವೊಂದು ಬಂದಿತೆಂಬ ಸುದ್ದಿ ಹಬ್ಬಿತು. ಮೇಲೆ ಹಳದಿ, ಕೆಳಗೆ ಕೆಂಪು ಇದ್ದುದು ಇದ್ದಂತೆಯೇ. ಆದರೆ ನಡುವೆ ಬಿಳಿಯ ಪಟ್ಟಿಯೊಂದು ಸೇರಿತ್ತು. ಅದರೊಳಗೆ ರಾಜ್ಯದ ಲಾಂಛನವಾದ ಗಂಡಭೇರುಂಡ. ಮರುದಿನ ತರಗತಿಗೆ ಹೋದಾಗ ಹಳಗನ್ನಡದ ಪಾಠ ಸಾಗುವ ಲಕ್ಷಣ ಕಾಣಲಿಲ್ಲ. "ಸಾರ್, ಬಾವುಟವನ್ನು ಯಾಕೆ ಬದಲಾಯಿಸಬೇಕು?" ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ಬಂದಿತು. ಪುಸ್ತಕ ಮುಚ್ಚಿದೆ. ಅಂದಿನ ಒಂದು ಗಂಟೆಯ ಚರ್ಚೆಯಿಂದ ನಾನು ಕಲಿತುದನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಬಾವುಟ ಹುಟ್ಟಿದ ಬಗೆ

ಮೊದಲಿಗೆ ಹಳೆಯ ಬಾವುಟದ ಕಥೆ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಒಂದಾದರೂ ಬೆಂಗಳೂರಿನಲ್ಲಿಯೇ ಕನ್ನಡಕ್ಕೆ ಮನ್ನಣೆಯಿಲ್ಲವೆಂಬ ಕೊರಗು ಕನ್ನಡಿಗರನ್ನು ಕಾಡುತ್ತಲೇ ಇತ್ತು. 1960ರ ದಶಕದಲ್ಲಿ ಅ.ನ.ಕೃಷ್ಣರಾಯರು, ಮ. ರಾಮಮೂರ್ತಿಯವರು ಮೊದಲಾದವರು ಬೀದಿಗಿಳಿದು ಚಳವಳಿ ನಡೆಸಿದರು. ರಾಮಮೂರ್ತಿಯವರು 'ವೀರಕೇಸರಿ' ಸೀತಾರಾಮ ಶಾಸ್ತ್ರಿಗಳ ಮಗ. ಪತ್ರಿಕೋದ್ಯೋಗಿ, ಪತ್ತೇದಾರಿ ಕಾದಂಬರಿಗಳ ಲೇಖಕ. ಅವರು ಕಟ್ಟಿದ 'ಕನ್ನಡ ಪಕ್ಷ'ಕ್ಕೆ ಒಂದು ಬಾವುಟ ಬೇಕಾಯಿತು. ಅದರ ಮೊದಲ ರೂಪದಲ್ಲಿ ನಾಡಿನ ನಕ್ಷೆಯೂ ಭತ್ತದ ತೆನೆಯೂ ಇದ್ದವೆಂದು ಹೇಳುವುದುಂಟು. ಕಡೆಗೆ ಉಳಿದುದು ಎರಡೇ ಬಣ್ಣ: ಅರಿಸಿನದ ಹಳದಿ, ಕುಂಕುಮದ ಕೆಂಪು. ಎರಡು ತುಂಡು ಬಟ್ಟೆ ಮತ್ತು ಒಂದು ಸೂಜಿ ಇದ್ದರೆ ಯಾವ ಮನೆಯಲ್ಲಿ ಬೇಕಾದರೂ ಹೊಲಿದುಕೊಳ್ಳಬಹುದಾದ ಬಾವುಟ ಅದು.

ಆದರೆ ಅದನ್ನು ಹುಟ್ಟಿಸಿದವರು ಅದು ನಾಡನ್ನೆಲ್ಲ ತುಂಬುವುದನ್ನು ನೋಡಲಿಲ್ಲ. 1967ರಲ್ಲಿ ಬಾವಿಯ ಮಣ್ಣು ಕುಸಿದು ರಾಮಮೂರ್ತಿಯವರು ತಮ್ಮ ಇಬ್ಬರು ಮಕ್ಕಳೊಡನೆ ತೀರಿಕೊಂಡರು. ಪಕ್ಷವೂ ಕಾಲಕ್ರಮದಲ್ಲಿ ಮಸುಕಾಯಿತು. ಬಾವುಟ ಮಾತ್ರ ಉಳಿಯಿತು. 1973ರಲ್ಲಿ ಮೈಸೂರು ರಾಜ್ಯವು 'ಕರ್ನಾಟಕ'ವಾಯಿತು. ಮುಂದೆ ಚಳವಳಿಗಳಲ್ಲಿ, ಚಿತ್ರಮಂದಿರಗಳ ಮುಂದೆ, ಊರೂರಿನ ರಾಜ್ಯೋತ್ಸವಗಳಲ್ಲಿ ಹಾರುತ್ತ ಹಾರುತ್ತ, ಅದು ಒಂದು ಪಕ್ಷದ್ದೆಂಬುದನ್ನೇ ಜನ ಮರೆತರು. ಅದು ಕನ್ನಡದ ಬಾವುಟವಾಯಿತು.

ಸರ್ಕಾರ ಕೈಹಾಕಿದ ಮೇಲೆ

ಜನ ಮಾಡಿಕೊಂಡ ಬಾವುಟಕ್ಕೆ ಸರ್ಕಾರದ ಮುದ್ರೆ ಬೇಕೆ ಎಂಬ ಪ್ರಶ್ನೆ ಬಹುಕಾಲ ಏಳಲಿಲ್ಲ. 2012ರಲ್ಲಿ ಅಂದಿನ ಸರ್ಕಾರವು ರಾಜ್ಯೋತ್ಸವದ ದಿನ ಸರ್ಕಾರಿ ಕಟ್ಟಡಗಳ ಮೇಲೆ ಈ ಬಾವುಟವನ್ನು ಹಾರಿಸಬೇಕೆಂದು ಹೊರಟಿತು, ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು, ಸರ್ಕಾರ ಹಿಂದೆಗೆಯಿತು. 2017ರಲ್ಲಿ ಸಿದ್ಧರಾಮಯ್ಯನವರ ಸರ್ಕಾರವು ಒಂಬತ್ತು ಮಂದಿಯ ಸಮಿತಿಯನ್ನು ನೇಮಿಸಿ, ನಾಡಿಗೊಂದು ಅಧಿಕೃತ ಧ್ವಜದ ವಿನ್ಯಾಸವನ್ನೂ ಅದರ ಕಾನೂನಿನ ನೆಲೆಯನ್ನೂ ಪರಿಶೀಲಿಸಲು ಹೇಳಿತು. ಅದರ ಫಲವೇ 2018ರ ತ್ರಿವರ್ಣದ ನಾಡಧ್ವಜ. ಕೇಂದ್ರದ ಒಪ್ಪಿಗೆಗೆಂದು ಅದು ದೆಹಲಿಗೆ ಹೋಯಿತು, ಒಪ್ಪಿಗೆ ಬರಲಿಲ್ಲ. ಪ್ರತ್ಯೇಕ ಧ್ವಜವನ್ನು ಪಡೆದಿದ್ದ ಜಮ್ಮು-ಕಾಶ್ಮೀರವೂ 2019ರಲ್ಲಿ ಅದನ್ನು ಕಳೆದುಕೊಂಡಿತು.

ಹೊಸ ಧ್ವಜದ ಪರವಾದ ವಾದವನ್ನು ಹಗುರವಾಗಿ ಕಾಣಲಾಗದು. ಒಂದು ಪಕ್ಷಕ್ಕಾಗಿ ಹುಟ್ಟಿದ ಬಾವುಟವನ್ನು ಸರ್ಕಾರ ತನ್ನದೆಂದು ಎತ್ತಿಹಿಡಿಯುವುದು ಹೇಗೆ? ಬಿಳುಪು ಶಾಂತಿಯ ಬಣ್ಣ. ಅದು ನಡುವೆ ಇದ್ದರೆ ತಪ್ಪೇನು? ಇನ್ನು ಗಂಡಭೇರುಂಡವಂತೂ ಹೊರಗಿನಿಂದ ತಂದ ಹಕ್ಕಿಯಲ್ಲ. ಬಳ್ಳಿಗಾವೆಯಲ್ಲಿ 11ನೆಯ ಶತಮಾನದ ಭೇರುಂಡ ಸ್ತಂಭವೇ ಇದೆ. ವಿಜಯನಗರದ ನಾಣ್ಯಗಳ ಮೇಲೆ ಅದು ಹಾರಿದೆ. ಮೈಸೂರಿನ ಅರಸರಿಗೆ ಅದು ರಾಜಲಾಂಛನ. ನಮ್ಮ ಹಾಸನ ಜಿಲ್ಲೆಯ ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಅದರ ಸೊಗಸಾದ ಶಿಲ್ಪವೊಂದಿದೆ: ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ ಹಿಡಿದಿರಲು, ಆ ಶರಭವನ್ನೂ ಗಂಡಭೇರುಂಡ ಹಿಡಿದಿದೆ. ಬಲ್ಲಿದನಿಗೂ ಬಲ್ಲಿದನುಂಟೆಂಬುದನ್ನು ಕಲ್ಲಿನಲ್ಲಿ ಇಷ್ಟು ಚೆನ್ನಾಗಿ ಹೇಳಿದವರು ವಿರಳ.

ತರಗತಿಯ ವಾದ

ಈ ಎಲ್ಲವನ್ನೂ ಹೇಳಿ ಮುಗಿಸಿ, "ಈಗ ನಿಮ್ಮ ಅಭಿಪ್ರಾಯ ಹೇಳಿ" ಎಂದೆ. ಕೂಡಲೆ ಗದ್ದಲವೆದ್ದಿತು. "ಗಂಡಭೇರುಂಡವನ್ನು ನಮ್ಮಿಂದ ಬರೆಯಲಿಕ್ಕೆ ಆಗುವುದಿಲ್ಲ ಸಾರ್" ಎಂದಳು ಒಬ್ಬ ಹುಡುಗಿ. ನಗು ಬಂದರೂ ಮಾತಿನಲ್ಲಿ ತಥ್ಯವಿತ್ತು. ಮಗುವೊಂದು ನೆನಪಿನಿಂದ ಬರೆಯಬಲ್ಲಷ್ಟು ಸರಳವಾಗಿರಬೇಕು ಎಂಬುದು ಬಾವುಟ ಶಾಸ್ತ್ರವನ್ನು ಬಲ್ಲವರು ಹೇಳುವ ಮೊದಲ ಸೂತ್ರ. ಬಣ್ಣ ಎರಡು ಮೂರನ್ನು ಮೀರಬಾರದು, ಅಕ್ಷರ ಮುದ್ರೆಗಳು ಬೇಡ ಎಂಬುವು ಅದರೊಡನೆ ಬರುವ ಇನ್ನೆರಡು.

ಮುಂದಿನ ಮಾತು ಅಷ್ಟು ಹಗುರವಾಗಿರಲಿಲ್ಲ. ಅರಿಸಿನ-ಕುಂಕುಮದ ವಿವರಣೆಯನ್ನು ಕೇಳಿದ ಒಬ್ಬ ವಿದ್ಯಾರ್ಥಿನಿ, "ಅರಿಸಿನ ಕುಂಕುಮ ಇಡದವರ ಮನೆಗೂ ಅದು ಬಾವುಟವೇ ಅಲ್ಲವೇ ಸಾರ್? ಬಿಳಿ ಸೇರಿದರೆ ಎಲ್ಲರದೂ ಆದಹಾಗೆ ಆಗಬಹುದು" ಎಂದಳು. ತರಗತಿ ಒಮ್ಮೆಗೇ ತಣ್ಣಗಾಯಿತು. ಈ ಗುಡ್ಡಗಳ ತೋಟಗಳಲ್ಲಿ ತಮಿಳು, ಮಲೆಯಾಳ, ತುಳು, ಉರ್ದು ಮನೆಮಾತಾಗಿರುವ ಸಂಸಾರಗಳು ತಲೆಮಾರುಗಳಿಂದ ಬಾಳಿವೆ. ಅವುಗಳ ಮಕ್ಕಳು ಕನ್ನಡದಲ್ಲಿಯೇ ಓದಿ ಬೆಳೆದಿದ್ದಾರೆ. ಆ ಪ್ರಶ್ನೆ ಅವರೆಲ್ಲರದೂ ಆಗಿತ್ತು.

ಉತ್ತರ ಬಂದುದು ನನ್ನಿಂದಲ್ಲ. ಬಾಗಿಲ ಬಳಿ ಕುಳಿತಿದ್ದ ಮುಸ್ಲಿಂ ಹುಡುಗನೊಬ್ಬ ಎದ್ದುನಿಂತ. ಅವನ ತಂದೆ ಸಕಲೇಶಪುರದಲ್ಲಿ ಆಟೋ ಓಡಿಸುವವರು. "ನಮ್ಮ ಅಪ್ಪ ಪ್ರತಿವರ್ಷ ಅಕ್ಟೋಬರ್ ಕೊನೆಯಲ್ಲಿ ಸ್ವಂತ ದುಡ್ಡಿನಿಂದ ಬಾವುಟ ತಂದು ಆಟೋಕ್ಕೆ ಕಟ್ಟುತ್ತಾರೆ ಸಾರ್. ಅರ್ಥ ಏನು ಅಂತ ಅವರಿಗೆ ಯಾರೂ ಹೇಳಿಲ್ಲ. ಒಂದು ಸಲ ನಾನೇ ಕೇಳಿದೆ. ಹಳದಿ ಅಂದರೆ ಗದ್ದೆ, ಕೆಂಪು ಅಂದರೆ ಕಾಫಿ ಹಣ್ಣು, ಎರಡೂ ಚೆನ್ನಾಗಿ ಬಂದರೆ ನಮಗೆ ಬಾಡಿಗೆ ಅಂದರು" ಎಂದ. ತರಗತಿಯೆಲ್ಲ ನಕ್ಕಿತು, ಕೇಳಿದ ಹುಡುಗಿಯೂ ನಕ್ಕಳು.

ನಾನು ಎಂ.ಎ. ತರಗತಿಯಲ್ಲಿ ಕಲಿತ ಅರ್ಥವಿಚಾರವೆಲ್ಲ ಆ ಒಂದು ಮಾತಿನ ಮುಂದೆ ಸಪ್ಪೆಯಾಗಿ ತೋರಿತು. ಬಾವುಟದ ಬಣ್ಣಕ್ಕೆ ಸಮಿತಿ ಒಂದು ಅರ್ಥವನ್ನು ಕೊಡಬಹುದು. ಕಟ್ಟುವ ಕೈ ತನ್ನ ಅರ್ಥವನ್ನು ತಾನೇ ಕೊಟ್ಟುಕೊಳ್ಳುತ್ತದೆ.

ಹಿಂದೆಯೂ ನಡೆದ ಚರ್ಚೆ

ಬಣ್ಣದ ಅರ್ಥದ ಈ ತೊಡಕು ಹೊಸದಲ್ಲ. ನಮ್ಮ ರಾಷ್ಟ್ರಧ್ವಜವೇ ಇದನ್ನು ದಾಟಿ ಬಂದಿದೆ. ಬಣ್ಣಗಳನ್ನು ಒಂದೊಂದು ಮತಕ್ಕೆ ಹಂಚಿ ಹೇಳುತ್ತಿದ್ದುದರಿಂದ ಅಸಮಾಧಾನ ಬೆಳೆದು, 1931ರಲ್ಲಿ ಕಾಂಗ್ರೆಸ್ಸು ಏಳು ಮಂದಿಯ ಧ್ವಜ ಸಮಿತಿಯನ್ನು ನೇಮಿಸಿತು. ಪಟೇಲ್, ನೆಹರೂ, ಆಜಾದ್ ಮೊದಲಾದವರಿದ್ದ ಆ ಸಮಿತಿಯಲ್ಲಿ ನಮ್ಮ ಕರ್ನಾಟಕದ ನಾ.ಸು. ಹರ್ಡೀಕರರೂ ಇದ್ದರು. ಸಮಿತಿ ಪ್ರಾಂತ್ಯಗಳ ಅಭಿಪ್ರಾಯ ಕೇಳಿ, ಕಡೆಗೆ ಒಂದೇ ಕೇಸರಿ ಬಣ್ಣದ ಧ್ವಜವನ್ನು ಸೂಚಿಸಿತು. ಅಂಥ ಘಟಾನುಘಟಿಗಳ ಸೂಚನೆಯನ್ನೂ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಒಪ್ಪಲಿಲ್ಲ! ಮೂರು ಬಣ್ಣದ ಧ್ವಜವನ್ನೇ ಉಳಿಸಿಕೊಂಡು, ಬಣ್ಣಗಳು ಯಾವ ಮತವನ್ನೂ ಸೂಚಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. ಜನರ ಕೈಯಲ್ಲಿ ಆಗಲೇ ಹಾರುತ್ತಿದ್ದುದನ್ನು ಇಳಿಸುವುದು ಸುಲಭವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಮೈಸೂರು ಸೀಮೆಯಲ್ಲಿ ಇದಕ್ಕಾಗಿ ರಕ್ತವೂ ಹರಿದಿದೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ನಡೆದುದು ಧ್ವಜ ಸತ್ಯಾಗ್ರಹ. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೋಲೀಸರ ಗುಂಡಿಗೆ ಜನ ಬಲಿಯಾದರು. ಆಮೇಲೆ ಪಟೇಲರೂ ದಿವಾನ್ ಮಿರ್ಜಾ ಇಸ್ಮಾಯಿಲರೂ ಮಾಡಿಕೊಂಡ ಒಪ್ಪಂದದ ತಿರುಳೇನು? ಸಮಾರಂಭಗಳಲ್ಲಿ ಮೈಸೂರಿನ ಧ್ವಜದೊಡನೆ ಕಾಂಗ್ರೆಸ್ ಧ್ವಜವೂ ಹಾರಬಹುದು ಎಂದು! ಒಂದು ಕಂಬದ ಪಕ್ಕದಲ್ಲಿ ಇನ್ನೊಂದು ಕಂಬಕ್ಕೆ ಎಡೆಮಾಡಿಕೊಡಲು ಅಷ್ಟು ಜೀವಗಳ ಬೆಲೆ ತೆರಬೇಕಾಯಿತು.

ಪರದೇಶದ ಪಾಠ

ಹೊರಗಿನವರು ಏನು ಮಾಡಿದರು ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ನಗರಕ್ಕೊಂದು ಬಾವುಟವೆಂಬ ರೂಢಿ ಬೆಳೆದಿಲ್ಲ. ಅಮೆರಿಕದಲ್ಲಿ ಅದು ಸಾಮಾನ್ಯ. ಅಲ್ಲಿಯ ಐಡಾಹೋ ಸಂಸ್ಥಾನದ ಪೊಕಟೆಲ್ಲೋ ನಗರದ ಬಾವುಟ, 2004ರಲ್ಲಿ ಬಾವುಟ ತಜ್ಞರ ಸಂಘವೊಂದು ನಡೆಸಿದ ಮತಗಣನೆಯಲ್ಲಿ 150 ನಗರಗಳ ಪೈಕಿ ಕಟ್ಟಕಡೆಯ ಸ್ಥಾನ ಪಡೆಯಿತು. ಊರಿನವರು ನಾಚಿದರು, ಚರ್ಚಿಸಿದರು, 2017ರಲ್ಲಿ ಹೊಸದನ್ನು ತಂದರು. ಹಳೆಯದನ್ನು ಅಲ್ಲಿ ಎದೆಗವಚಿಕೊಂಡವರು ಹೆಚ್ಚಿರಲಿಲ್ಲ, ಬದಲಾವಣೆ ಸಾಧ್ಯವಾಯಿತು.

ನ್ಯೂಜಿಲೆಂಡಿನ ಕಥೆ ಇದಕ್ಕೆ ವಿರುದ್ಧವಾದುದು. ಅಲ್ಲಿ ಬಾವುಟ ಬದಲಿಸಲೆಂದು ಜನರನ್ನೇ ಚಿತ್ರ ಕಳುಹಿಸಲು ಕೇಳಿದರು. ಹತ್ತು ಸಾವಿರಕ್ಕೂ ಮೀರಿ ಬಂದವು. 2015ರಲ್ಲಿ ಒಮ್ಮೆ, 2016ರಲ್ಲಿ ಇನ್ನೊಮ್ಮೆ ಮತ ಹಾಕಿಸಿದರು. ಕಡೆಗೆ ಶೇಕಡಾ 56ಕ್ಕೂ ಹೆಚ್ಚು ಮಂದಿ ಹಳೆಯದೇ ಇರಲಿ ಎಂದರು. ಹಣ ದಂಡವಾಯಿತೆಂದು ಹಲವರು ಗೊಣಗಿದರು. ನನಗೆ ಹಾಗೆನ್ನಿಸುವುದಿಲ್ಲ. ಇದು ನಮ್ಮದು ಎಂದು ಜನ ಎರಡನೆಯ ಸಲ ಹೇಳಿದರು, ಅದಕ್ಕೂ ಬೆಲೆಯುಂಟು.

ಒಪ್ಪಿಗೆಯೆಂದರೆ ಯಾವುದು?

ಅಂದು ತರಗತಿಯಲ್ಲಿ ಇನ್ನೊಬ್ಬ ಚುರುಕು ಹುಡುಗ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿದ. "ಸಮಿತಿ ಜನರ ಮತ ಕೇಳಲಿಲ್ಲ, ಸರಿ. ರಾಮಮೂರ್ತಿಯವರು ಯಾರ ಮತ ಕೇಳಿದ್ದರು ಸಾರ್?" ಎಂದ. ಗಂಟೆ ಬಾರಿಸಿತು, ನಾನು ಉಳಿದುಕೊಂಡೆ. ಉತ್ತರ ಹೊಳೆದುದು ಸಂಜೆ, ಬಸ್ಸಿನಲ್ಲಿ.

ರಾಮಮೂರ್ತಿಯವರು ಯಾರನ್ನೂ ಕೇಳಿರಲಿಕ್ಕಿಲ್ಲ. ಆದರೆ ಅವರ ಬಾವುಟವನ್ನು ಹಾರಿಸದೆ ಇರುವ ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಇತ್ತು. ಆಜ್ಞೆಯಿರಲಿಲ್ಲ, ಸುತ್ತೋಲೆಯಿರಲಿಲ್ಲ. ಆದರೂ ಅರ್ಧ ಶತಮಾನ ಕಾಲ ವರ್ಷವರ್ಷವೂ ಜನ ತಾವಾಗಿ ಕೊಂಡರು, ತಾವಾಗಿ ಹೊಲಿದರು, ತಾವಾಗಿ ಕಟ್ಟಿದರು. ಮತಪೆಟ್ಟಿಗೆಯಿಲ್ಲದೆ ನಡೆದ ಜನಮತ ಸಂಗ್ರಹವೆಂದರೆ ಅದು. ಸರ್ಕಾರ ವಿಧಿಸುವ ಧ್ವಜದಲ್ಲಿ ಈ ಸ್ವಾತಂತ್ರ್ಯ ಇರುವುದಿಲ್ಲ. ಕಚೇರಿಯ ಕಂಬಕ್ಕೆ ಅದು ಏರಲೇಬೇಕು. ಆದುದರಿಂದಲೇ ಅದನ್ನು ಏರಿಸುವ ಮೊದಲು ಕೇಳಬೇಕಾದುದು ಧರ್ಮ. ಹಳೆಯ ಬಾವುಟಕ್ಕೆ ಕೇಳದೆ ದೊರೆತ ಒಪ್ಪಿಗೆ ಹೊಸದಕ್ಕೆ ಕೇಳಿದರೆ ಮಾತ್ರ ದೊರೆತೀತು.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಗಂಡಭೇರುಂಡ ಸರ್ಕಾರದ ಮುದ್ರೆಯಲ್ಲಿ ಘನವಾಗಿ ಇರಲಿ, ಹಳದಿ-ಕೆಂಪು ಜನರ ಕೈಯಲ್ಲಿ ಇರಲಿ ಎಂದೇನು. ರಾಷ್ಟ್ರಧ್ವಜ ಎಲ್ಲಕ್ಕೂ ಮೇಲೆ ಹಾರುವುದರಲ್ಲಿ ಎರಡು ಮಾತಿಲ್ಲ. ಆದರೆ ಇದು ಒಬ್ಬ ಅಧ್ಯಾಪಕನ ಮಾತು; ಎಣಿಕೆಗೆ ಒಂದೇ ಮತ.

ಕಡೆಗೆ ಒಂದು ಸಂಗತಿ. ಆ ವರ್ಷ ಜೂನ್ ತಿಂಗಳಲ್ಲಿ ಮಳೆ ಹಿಡಿದಿತ್ತು. ಮಂಜರಾಬಾದಿನ ಕೋಟೆ ಹೆಸರಿಗೆ ತಕ್ಕಂತೆ ಮಂಜಿನಲ್ಲಿ ಮುಳುಗಿತ್ತು. ಬಸ್ಸಿಗಾಗಿ ಕಾಯುತ್ತ ಒಂದು ಅಂಗಡಿಯ ಸೂರಿನಡಿ ನಿಂತಿದ್ದಾಗ ಆ ಆಟೋದವರ ಮಗ ಎದುರಾದ. ರಸ್ತೆಯ ಆಚೆ, ನವೆಂಬರಿನಲ್ಲಿ ಯಾರೋ ಏರಿಸಿ ಮರೆತಿದ್ದ ಬಾವುಟವೊಂದು ಕಂಬಕ್ಕೆ ಅಂಟಿಕೊಂಡು ನೀರು ಸುರಿಸುತ್ತಿತ್ತು. ಬೇಸಗೆಯ ಬಿಸಿಲು, ಮಲೆನಾಡಿನ ಮಳೆ ಸೇರಿ ಅದರ ಹಳದಿಯನ್ನೆಲ್ಲ ತಿಂದುಹಾಕಿದ್ದವು. ಹುಡುಗ ಅದನ್ನು ತೋರಿಸಿ, "ನೋಡಿ ಸಾರ್, ಬಿಳಿ ಬಣ್ಣ ಸರ್ಕಾರದವರೇ ತರಬೇಕೆಂದಿಲ್ಲ" ಎಂದ.

ನಾನು ನಕ್ಕೆ, ಅವನು ನಗಲಿಲ್ಲ. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಮಳೆಯಲ್ಲೇ ರಸ್ತೆ ದಾಟಿ, ಆ ಬಾವುಟವನ್ನು ಬಿಚ್ಚಿಕೊಂಡು ಬಂದ. ನೀರು ಹಿಂಡಿ, ನಾಲ್ಕಾಗಿ ಮಡಿಸಿ, ಚೀಲದಲ್ಲಿಟ್ಟುಕೊಂಡ. ನವೆಂಬರ್ ಮೊದಲ ದಿನ ಅದೇ ಕಂಬದ ಮೇಲೆ ಹೊಸದೊಂದು ಬಾವುಟ ಹಾರುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಬಣ್ಣ ಎರಡೇ ಇದ್ದವು. ಯಾರು ಕಟ್ಟಿದರೆಂದು ನಾನು ಕೇಳಲಿಲ್ಲ.