ಕೊಯ್ದ ಮೇಲೂ ಸಿಹಿಯಾಗುತ್ತದೆ ಕುಂಬಳ!

ಹೂ ಬಿಟ್ಟ ಸಿಹಿಗುಂಬಳದ ಬಳ್ಳಿ ಹಿತ್ತಲಲ್ಲಿದ್ದರೆ ನಸುಕಿನಲ್ಲೇ ಎದ್ದು ಹೋಗಿ ನೋಡಿ. ಅಂಗೈಯಗಲದ ಹಳದಿ ಹೂಗಳು ಅರಳಿರುತ್ತವೆ! ಬಿಸಿಲೇರುವಷ್ಟರಲ್ಲಿ ಮುದುಡಿದರೆ ಮುಗಿಯಿತು, ಮತ್ತೆ ಅರಳುವುದಿಲ್ಲ. ನಡೆಯಬೇಕಾದದ್ದೆಲ್ಲ ಆ ಒಂದೇ ಬೆಳಗಿನಲ್ಲಿ ನಡೆದುಹೋಗಬೇಕು!

ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡ ನೋಡಿ: ಗೋಲಿಯಂಥ ಪುಟ್ಟ ಮಿಡಿ ಆಗಲೇ ಕಾದು ಕೂತಿದೆ! ಗಂಡು ಹೂವಿನ ಪರಾಗವೋ ಅಂಟಂಟು, ಗಾಳಿಗೆ ಹಾರುವಂಥದ್ದಲ್ಲ; ಜೇನು ಹೊತ್ತು ತರಬೇಕು. ಜೇನು ಮತ್ತೆ ಮತ್ತೆ ಬಂದರೆ ಕಾಯಿ ಮೈತುಂಬಿಕೊಳ್ಳುತ್ತದೆ. ಬಾರದಿದ್ದರೆ ಮಿಡಿ ಹಳದಿಗಟ್ಟಿ ಉದುರುತ್ತದೆ. ಜೇನು ಸುಳಿಯದ ಊರಿನಲ್ಲಿದ್ದೀರಾ? ಗಂಡು ಹೂವಿನ ಎಸಳು ಬಿಡಿಸಿ, ಪರಾಗದ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಕೆಲವೇ ದಿನಗಳಲ್ಲಿ ಮಿಡಿ ಊದತೊಡಗುತ್ತದೆ!

ಈ ಬಳ್ಳಿಯ ತವರು ಅಮೆರಿಕ ಖಂಡ. ಮೆಕ್ಸಿಕೊದ ಓಹಾಕಾದ ಗುಹೆಯೊಂದರಲ್ಲಿ ಇದರ ಸೋದರ ಜಾತಿಯ ಬೀಜಗಳು ಸಿಕ್ಕಿವೆ. ಮನುಷ್ಯರು ಬೆಳೆದ ಆ ಬೀಜಗಳಿಗೆ ಸುಮಾರು 10,000 ವರ್ಷ! ಅಷ್ಟು ಹಳೆಯ ವಂಶ ಇಂದು ನಮ್ಮ ತಿಪ್ಪೆಯ ಮೇಲೂ ತಾನಾಗಿ ಹುಟ್ಟಿ ಹಬ್ಬುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ತಳಿಗಳಲ್ಲಿ ಅರ್ಕಾ ಚಂದನ್ ಕಾಯಿ ಎರಡು–ಮೂರು ಕಿಲೋ ತೂಗಿದರೆ, ಪುಟ್ಟ ಸಂಸಾರಕ್ಕೆ ಹೇಳಿ ಮಾಡಿಸಿದಂಥ ಅರ್ಕಾ ಸೂರ್ಯಮುಖಿ ಸುಮಾರು ಒಂದೇ ಕಿಲೋ.

ಕೊಯ್ಲಿಗೆ ಮಾತ್ರ ಅವಸರ ಬೇಡ. ಬಿತ್ತಿ ಮೂರು–ನಾಲ್ಕು ತಿಂಗಳಿಗೆ ಸಿಪ್ಪೆಯ ಹೊಳಪು ಮಾಸಿ, ಕಾಯಿಯ ಮೈ ಕಂದು ಬಣ್ಣಕ್ಕೆ ತಿರುಗುತ್ತದೆ. ಹಸಿರಾಗಿದ್ದ ತೊಟ್ಟು ಒಣಗಿ ಮರಗಟ್ಟುತ್ತದೆ. ಉಗುರು ಒತ್ತಿ ನೋಡಿ, ನಾಟಲಿಲ್ಲವೇ, ಬಲಿತಿದೆ. ತಿರುಚಿ ಕೀಳಬೇಡಿ, ಮೂರು–ನಾಲ್ಕು ಬೆರಳಗಲದಷ್ಟು ತೊಟ್ಟು ಉಳಿಸಿ ಕತ್ತರಿಸಿ. ತೊಟ್ಟು ಮುರಿದರೆ ಕೊಳೆ ಒಳಹೊಗುವುದು ಅಲ್ಲಿಂದಲೇ.

ನಿಜವಾದ ಸೋಜಿಗ ಇನ್ನು ಮುಂದಿದೆ! ಕೊಯ್ದ ಕಾಯಿಯೊಳಗೂ ಜೀವ ಆಡುತ್ತಿರುತ್ತದೆ. ನೆರಳಲ್ಲಿ, ಗಾಳಿಯಾಡುವ ಜಾಗದಲ್ಲಿ ಹತ್ತು–ಹನ್ನೆರಡು ದಿನ ಇಟ್ಟರೆ ಸಿಪ್ಪೆ ಇನ್ನಷ್ಟು ಗಟ್ಟಿಯಾಗುತ್ತದೆ. ಒಳಗಿನ ಪಿಷ್ಟ ದಿನದಿನಕ್ಕೆ ಸಕ್ಕರೆಯಾಗುತ್ತ ಹೋಗುತ್ತದೆ. ಬಳ್ಳಿ ಒಣಗಿ ಮಣ್ಣು ಸೇರಿದ ಮೇಲೂ ಅಟ್ಟದ ಮೇಲಿನ ಕಾಯಿ ಸಿಹಿಯಾಗುತ್ತಲೇ ಇರುತ್ತದೆ! ಒಂದೆರಡು ವಾರ ಕಾದು ಹೆಚ್ಚಿದ ಹೋಳಿನ ಗಾರಿಗೆಗೆ ಬೆಲ್ಲವೂ ಕಡಿಮೆ ಸಾಕು.

ಫ್ರಿಜ್ ಬೇಡ, ಔಷಧಿ ಬೇಡ. ಇಡಿಯಾಗಿಟ್ಟ ಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಈ ಮಳೆಗಾಲದ ಮೊದಲ ಹದಕ್ಕೆ, ಗೊಬ್ಬರಗುಂಡಿಯ ಪಕ್ಕ ಎರಡು ಬೀಜ ಊರಿಬಿಡಿ.